ಅಪ್‌ಡೇಟ್: ದೊಡ್ಡ ನದಿ ಸೇತುವೆಯ ಫೋಟೊಗೆ ಎಲ್ಲಿ ನಿಲ್ಲಬೇಕು?

ಉದ್ದನೆಯ ನದಿ ಸೇತುವೆಯಲ್ಲಿ ನಡೆಯಲು, ಫೋಟೊ ತೆಗೆಯಲು ಒಳ್ಳೆಯ ಜಾಗ ಯಾವುದು ಅಂತ ಕೇಳಿದ್ದೆ. "ಮೊದಲು ದಡಕ್ಕೆ ಇಳಿಯಿರಿ" ಅಂದವರ ಮಾತೇ ಸರಿ. ಸೇತುವೆಯ ಮೇಲಿಂದ ರಸ್ತೆ, ಕಂಬಿ ಕಾಣುತ್ತವೆಯೇ ಹೊರತು ಅದರ ಆಕಾರ ಕಾಣುವುದಿಲ್ಲ.

ದಡದಲ್ಲೂ ತೀರಾ ಹತ್ತಿರ ನಿಲ್ಲಬೇಡಿ. ವೈಡ್ ಲೆನ್ಸ್ (ಅಗಲವಾದ ದೃಶ್ಯ ಹಿಡಿಯುವ ಲೆನ್ಸ್) ಹಾಕಿ ಕ್ಯಾಮೆರಾ ಮೇಲಕ್ಕೆತ್ತಿದರೆ ಸೇತುವೆ ಹೊತ್ತ ಕಂಬಗಳು ಹಿಂದಕ್ಕೆ ವಾಲಿದಂತೆ ಬರುತ್ತವೆ. ದೂರ ಹೋಗಿ, ದೂರದ್ದನ್ನು ಹತ್ತಿರ ತೋರಿಸುವ 70–100 ಎಂಎಂ ಲೆನ್ಸ್‌ನಲ್ಲಿ ಕ್ಯಾಮೆರಾ ಮಟ್ಟವಾಗಿ ಹಿಡಿದರೆ ಕಂಬಗಳು ನೆಟ್ಟಗೆ, ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ನೀರಿನಲ್ಲಿ ಪ್ರತಿಬಿಂಬ ಬೇಕಿದ್ದರೆ ಗಾಳಿ ಏಳುವ ಮುಂಚಿನ ಬೆಳಗ್ಗೆಯೇ ಸರಿ.

ರಾತ್ರಿ ಮೇಲಿಂದಲೇ ತೆಗೆಯುವುದಾದರೆ ಟ್ರೈಪಾಡ್ ಇಡುವ ಜಾಗ ಬಹಳ ಮುಖ್ಯ. ಲಾರಿ ಹೋದಾಗ ಎರಡು ಕಂಬಗಳ ನಡುವಿನ ಭಾಗ ಅದುರುತ್ತದೆ, 10 ಸೆಕೆಂಡಿನ ಎಕ್ಸ್‌ಪೋಶರ್ (ಅಷ್ಟು ಹೊತ್ತು ಬೆಳಕು ಹಿಡಿದು ತೆಗೆಯುವ ಫೋಟೊ) ಮಸುಕಾಗುತ್ತದೆ. ಕಂಬದ ನೇರ ಮೇಲೆ ಅದುರು ಕಡಿಮೆ. ರಸ್ತೆಗೆ ಅಡ್ಡಲಾಗಿ ಬಾಚಣಿಗೆ ಹಲ್ಲಿನಂಥ ಉಕ್ಕಿನ ಜಾಯಿಂಟ್ ಕಂಡರೆ, ಸಾಮಾನ್ಯವಾಗಿ ಕೆಳಗೆ ಕಂಬ ಇರುತ್ತದೆ. ಜಾಯಿಂಟ್ ಮೇಲಲ್ಲ, ಅದರ ಪಕ್ಕದ ಫುಟ್‌ಪಾತ್‌ನಲ್ಲಿ ಇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸ್‌ನ ಕಿಂಡಿ ಎಫ್/8ರಿಂದ ಶುರು ಮಾಡಿ. ದೀಪಗಳು ನಕ್ಷತ್ರದಂತೆ ಬರಬೇಕಿದ್ದರೆ ಕಿಂಡಿ ಇನ್ನೂ ಚಿಕ್ಕದು ಮಾಡಿ, ಎಫ್/16.

ಫುಟ್‌ಪಾತ್ ಒಂದೇ ಬದಿಗಿರಬಹುದು, ಮೊದಲೇ ನೋಡಿಕೊಳ್ಳಿ. ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ ಮರಳ ದಿಬ್ಬಕ್ಕೆ ಇಳಿಯಲೇಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟರೆ, ಬಿಸಿಲಿದ್ದರೂ ನದಿ ಏಕಾಏಕಿ ಏರಬಹುದು.