ಕಾಕು, ಆಕಿಗೆ ತಾಳ್ಮಿ ಇಲ್ಲ ಅನಬ್ಯಾಡ್ರಿ

ಕಾಕು, ನಮಸ್ಕಾರ್ರಿ. ನಿಮ್ಮ ಮೆಸೇಜ್ ಪೂರಾ ಕೇಳಿದೆ. ಮಗಳು ಹುಬ್ಬಳ್ಳಿ ದವಾಖಾನ್ಯಾಗ ನರ್ಸ್, ಆರ ತಿಂಗಳದಾಗ ಮೂರು ಸಲ ವಾರ್ಡ್ ಬದಲಿ, ಈಗ ಎಲ್ಲಾ ಕಂಪ್ಯೂಟರ್‌ದಾಗ ಬರೀರಿ ಅಂತ ಹೊಸಾದು, ಕೆಲಸಾ ಬಿಡ್ತೀನಿ ಅಂತ ಅಳತಾಳ ಅಂದ್ರಿ. ಕಡೀಕ, ಈಗಿನ ಹುಡುಗ್ರಿಗೆ ತಡಕೊಳ್ಳೂ ಶಕ್ತಿ ಇಲ್ಲ ಅಂತನೂ ಅಂದ್ರಿ. ಆ ಕಡೀ ಮಾತು ಖರೇ ಅಲ್ರಿ ಕಾಕು.

ನರ್ಸಿನ ಕೆಲಸ ರೂಢಿ ಮ್ಯಾಲ ನಡೀತೈತಿ. ಯಾವ ಡ್ರಾಯರ್‌ದಾಗ ತುರ್ತಿಗೆ ಹಾಕೂ ಅಡ್ರಿನಲಿನ್ ಇಂಜೆಕ್ಷನ್ ಐತಿ, ಬಿಪಿ ಎಷ್ಟಕ್ಕಿಳದ್ರ ಯಾವ ಡಾಕ್ಟರ್‌ಗೆ ಫೋನ್ ಹಚ್ಚಬೇಕು, ಪೇಶಂಟ್‌ನ್ನ ಮಗ್ಗಲಿಗೆ ಹೊಳ್ಳಿಸಾಕ ಯಾರನ್ನ ಕರೀಬೇಕು, ಇದೆಲ್ಲ ಕೈಗೆ ಗೊತ್ತಿದ್ರ ಮನಸು ಪೇಶಂಟ್ ಮ್ಯಾಲ ಇರತೈತಿ. ವಾರ್ಡ್ ಬದಲಿ ಆದ್ರ ಒಂದೊಂದನ್ನೂ ಹುಡುಕಿ, ಕೇಳಿ ಮಾಡಬೇಕು. ಡ್ಯೂಟಿ ತಾಸು ಅಷ್ಟ, ದಣಿವು ದುಪ್ಪಟ್ಟು. ಕಲತು ಕೈ ಕುಂದ್ರೂದ್ರಾಗ ಮತ್ತೊಂದು ಬದಲಿ ಬಂತಂದ್ರ ಗಟ್ಟಿ ಮನಸಿನಾಕೀನೂ ಸೋಲತಾಳ.

ಹೆದರಿಕಿ ಎಂಥಾದ್ದು ಅಂತ ಹೇಳ್ತೀನಿ ಕೇಳ್ರಿ. ನಮ್ಮಲ್ಲಿ ಇನ್ಸುಲಿನ್ ಬಾಟ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ದ್ದೂ ಬರತಾವ, 100ರದ್ದೂ ಬರತಾವ. 40ರ ಸಿರಿಂಜಿಗೆ ಕೆಂಪು ಟೋಪಿ, 100ರದಕ್ಕ ಕೇಸರಿ. ಸ್ಟೋರ್‌ನವರು 100ರ ಬಾಟ್ಲಿ ಕಳಿಸಿ, ವಾರ್ಡಿನಾಗ ಹಳೇ ಕೆಂಪು ಟೋಪಿ ಸಿರಿಂಜ್ ಉಳದಿದ್ರ, 20 ಯೂನಿಟ್ ಅಂತ ಎಳದದ್ದು ಅರ್ಧ ಎಂಎಲ್. ಅದರಾಗ 50 ಯೂನಿಟ್ ಇರತೈತಿ, ಎರಡೂವರಿ ಪಟ್ಟು! ಸಕ್ಕರಿ ಇಳದು ಪೇಶಂಟ್ ಎಚ್ಚರ ತಪ್ಪಬಹುದು. ಈ ಬದಲಿ ಸುದ್ದಿ ವಾಟ್ಸಾಪ್‌ದಾಗ ಒಂದ ಸಾಲು ಹಾಕಿ ಬಿಟ್ರ, ನೈಟ್ ಮುಗಿಸಿ ಮಲಗಿದಾಕಿ ಹೆಂಗ ಓದಬೇಕ್ರಿ? ತಪ್ಪಾದ್ರ ಚಾರ್ಟಿನಾಗ ಸಹಿ ಮಾತ್ರ ಆಕೀದು.

ಕಂಪ್ಯೂಟರ್ ಕೆಟ್ಟದ್ದಲ್ಲ. ತ್ರಾಸ ಎಲ್ಲೆಂದ್ರ, ಕಾಗದಾನೂ ಬರೀರಿ, ಸ್ಕ್ರೀನಿಗೂ ಹಾಕ್ರಿ ಅನ್ನೂದು. ಒಂದ ಬಿಪಿ ಎರಡು ಕಡೆ ಬರದ್ರ, ಆ ಹೊತ್ತು ಪೇಶಂಟ್‌ನ ಹತ್ರ ನಿಂದ್ರೂ ಹೊತ್ತಿನಾಗ ಕಡಿಮಿ ಆಗತೈತಿ. ಕೆಲಸದ ಸಮಾಧಾನ ಇರೂದ ಅಲ್ಲಿ, ದಾಖಲಾದಾಗಿಂದ ತಾನು ನೋಡಿಕೊಂಡ ಪೇಶಂಟ್ ನಕ್ಕೋತ ಮನೀಗೆ ಹೋಗೂದನ್ನ ಕಾಣೂದ್ರಾಗ. ನಡುವ ವಾರ್ಡ್ ಬದಲಿ ಆದ್ರ ಅದೂ ಸಿಗೂದಿಲ್ಲ. 2019ರಾಗ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್, ಅಂದ್ರ ಕೆಲಸದಿಂದ ಪೂರಾ ದಣದು ಸೋಲೂದು, ರೋಗ ಅಲ್ಲ, ಕೆಲಸದ ಜಾಗದಾಗಿನ ಒತ್ತಡಾ ಸರಿಯಾಗಿ ನಿಭಾಯಿಸದಿದ್ರ ಬರೂದು ಅಂತ ಹೇಳೇತಿ. ಸುಸ್ತು, ಕೆಲಸದ ಮ್ಯಾಲ ಬ್ಯಾಸರಿಕಿ, ನನ್ನಿಂದ ಏನೂ ಆಗೂದಿಲ್ಲ ಅನ್ನೂದು, ಇವು ಮೂರು ಗುರುತು. ನೀವು ಹೇಳಿದ ಮಾತಿನಾಗ ಮೂರೂ ಕೇಳಿದ್ವು.

ರಾಜೀನಾಮೆ ಬರೀಯೂಕಿಂತ ಮೊದಲ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರದ ಕೊಡಾಕ ಹೇಳ್ರಿ. 'ನನ್ನಿಂದ ಆಗೂದಿಲ್ಲ' ಅಂತಲ್ಲ, ಏನು ಬೇಕು ಅಂತ. ಹೊಸ ವಾರ್ಡಿನಾಗ ಮೊದಲ ನಾಕು ಡ್ಯೂಟಿ ಹಳೇ ಸಿಸ್ಟರ್ ಜೋಡಿ, ಆಕೀನ್ನ ಡ್ಯೂಟಿ ಮಂದಿ ಲೆಕ್ಕದಾಗ ಹಿಡೀದ, ಹೆಚ್ಚಿನಾಕಿ ಅಂತ ಇಟ್ಟು. ಅದು ಆಗೂತನಾ ಒಬ್ಬಾಕಿಗೇ ನೈಟ್ ಬ್ಯಾಡ. ಮೊದಲನೇ ದಿನಾನ ಎಮರ್ಜೆನ್ಸಿ ಟ್ರಾಲಿ ತನ್ನ ಕೈಯಿಂದ ತಗದು ಜೋಡಿಸಬೇಕು, ಇದೊಂದು ಬಿಡಬಾರದು. ಔಷಧಿ, ಸಿರಿಂಜ್, ಪಂಪ್ ಏನ ಬದಲಾದ್ರೂ ಮೂರೂ ಶಿಫ್ಟಿನ ಹ್ಯಾಂಡೋವರ್‌ದಾಗ, ಅಂದ್ರ ಡ್ಯೂಟಿ ಒಪ್ಪಿಸೂ ಹೊತ್ತಿನಾಗ, ಒಂದು ವಾರ ಬಾಯಿಬಿಟ್ಟು ಹೇಳಬೇಕು, ಹಳೇದು ಅವತ್ತ ವಾರ್ಡಿನಿಂದ ಹೊರಗ ಹೋಗಬೇಕು. ಕಾಗದ ನಿಲ್ಲಿಸೂ ತಾರೀಖು ಗೊತ್ತು ಮಾಡ್ರಿ, ಕರೆಂಟ್ ಹೋದ್ರ ಬರೀಯಾಕ ಮಾತ್ರ ಒಂದು ಖಾಲಿ ಶೀಟ್ ಇಡ್ರಿ ಅಂತನೂ ಬರೀಲಿ. ಶಿಫ್ಟ್ ಸರದಿ ಮುಂಜಾನೆ, ಮಧ್ಯಾಹ್ನ, ರಾತ್ರಿ ಹಿಂಗ ಮುಂದಕ್ಕ ಹೋಗಲಿ. ಉಲ್ಟಾ ತಿರುಗಿಸಿದ್ರ ನಿದ್ದಿ ಹೊಂದೂದಿಲ್ಲ.

ಮನ್ಯಾಗ ನಿಮ್ಮ ಪಾಲೂ ಐತ್ರಿ. ನೈಟ್ ಮುಗಿಸಿ ಚಿಗರಿ ಬಸ್ಸಿನಾಗ ತೂಕಡಿಸಿಕೋತ ಧಾರವಾಡಕ್ಕ ಬಂದಾಕಿಗೆ ರೊಟ್ಟಿ ಬಡಿ, ಸೀಮಂತಕ್ಕ ನಡಿ ಅನಬ್ಯಾಡ್ರಿ. ಕಿಟಕಿಗೆ ದಪ್ಪ ಪರದೆ ಹಾಕಿ, ಫೋನ್ ನಿಮ್ಮ ಹತ್ರ ಇಟಕೋರಿ. ರಜಾ ದಿನಾನೂ ನಿದ್ದಿ ಬರದಿದ್ರ, ಬದುಕೂದ ಬ್ಯಾಡ ಅನ್ನೂ ಮಾತು ಬಂದ್ರ, ಒಂದ ದಿನಾನೂ ಕಾಯಬ್ಯಾಡ್ರಿ, 14416ಕ್ಕ ಫೋನ್ ಹಚ್ರಿ. ಅದು ಮನಸಿನ ತ್ರಾಸಕ್ಕ ಸರ್ಕಾರ ನಡಸೂ ಸಹಾಯವಾಣಿ, ಟೆಲಿ ಮಾನಸ್, ಕನ್ನಡದಾಗ ಮಾತಾಡತಾರ, ರೊಕ್ಕ ಇಲ್ಲ. ಧಾರವಾಡದಾಗ ಮನೋರೋಗದ ಸರ್ಕಾರಿ ದವಾಖಾನಿ ಡಿಮ್ಹಾನ್ಸ್ ಅಂತೂ ಹತ್ರನ ಐತಿ.

ಆಕಿ ಡ್ಯೂಟಿ ಚಾರ್ಟ್ ಫೋಟೋ ತಗದು ನನಗ ಬ್ಯಾರೆ ಕಳಸಾಕ ಹೇಳ್ರಿ, ಗ್ರೂಪಿನಾಗ ಬ್ಯಾಡ. ಅರ್ಜಿ ಕರಡು ಸಂಜೀಕ ಬರದು ಕಳಸ್ತೀನಿ.