ವಿಂಡ್ಸರ್ ಯೀಸ್ಟ್ 1.019ಕ್ಕೆ ನಿಂತುಬಿಟ್ಟಿದೆ, ಏನು ಮಾಡೋದು?

ಲೀಡ್ಸ್_ಕಿಟ್ಟಿ:
ಎಲ್ಲರಿಗೂ ನಮಸ್ಕಾರ. ಹೋದ ಸಲ ಮನೆಯಲ್ಲೇ ಯುಎಸ್-05 ಯೀಸ್ಟ್ ಹಾಕಿ ಬಿಟರ್ (ಇಂಗ್ಲೆಂಡಿನ ಕಹಿ ಬಿಯರ್) ಮಾಡಿದ್ದೆ. ಕುಡಿಯೋಕೆ ಪರವಾಗಿಲ್ಲ, ಆದರೆ ಇಲ್ಲಿನ ಪಬ್ಬುಗಳ ಕ್ಯಾಸ್ಕ್ (ಪೀಪಾಯಿ) ಬಿಯರಿನಲ್ಲಿ ಬರುವ ಹಣ್ಣಿನ ಘಮ, ಬಿಸ್ಕತ್ತಿನ ರುಚಿ ಒಂದೂ ಇರಲಿಲ್ಲ. ಅದಕ್ಕೆ ಈ ಸಲ ವಿಂಡ್ಸರ್ ಹಾಕಿದೆ. ಘಮ ಏನೋ ಬಂದಿದೆ. ಆದರೆ ಗ್ರಾವಿಟಿ (ಯೀಸ್ಟ್ ಸಕ್ಕರೆ ತಿಂದಷ್ಟೂ ಇಳಿಯುವ ಸಾಂದ್ರತೆ) 1.044ರಿಂದ 1.019ಕ್ಕೆ ಇಳಿದು ಅಲ್ಲೇ ನಿಂತಿದೆ. ಮ್ಯಾರಿಸ್ ಆಟರ್ ಮಾಲ್ಟು (ಮೊಳಕೆ ಬರಿಸಿದ ಬಾರ್ಲಿ), ಶೇಕಡಾ 10 ಕ್ರಿಸ್ಟಲ್ (ಹುರಿದ ಸಿಹಿ ಮಾಲ್ಟು), ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸೋದು) 69 ಡಿಗ್ರಿ, ಫರ್ಮೆಂಟರ್ (ಹುದುಗುವ ಪಾತ್ರೆ) 19 ಡಿಗ್ರಿ. ಯೀಸ್ಟ್ ಸತ್ತಿದೆಯಾ?

ಹಾಪ್_ಹನುಮ:
ಫರ್ಮೆಂಟರನ್ನು ಮೆಲ್ಲಗೆ ಅಲ್ಲಾಡಿಸಿ, 21 ಡಿಗ್ರಿಗೆ ಏರಿಸಿ. ತಳದಲ್ಲಿ ಕೂತ ಯೀಸ್ಟ್ ಎದ್ದು ಮತ್ತೆ ಕೆಲಸ ಶುರು ಮಾಡುತ್ತೆ. ನನ್ನ ಲಂಡನ್ ಬಿಟರಿಗೆ ಹಾಗೇ ಮಾಡಿದ್ದೆ, ಸರಿ ಹೋಯ್ತು.

ಮಾಲ್ಟ್‌ಮೇಷ್ಟ್ರು:
ಕಿಟ್ಟಿಯವರೇ, ಮೊದಲು ಒಂದು ಪ್ರಶ್ನೆ. 1.019 ಅಂತ ಹೇಳಿದ್ದು ತೇಲಿಸಿ ಅಳೆಯುವ ಹೈಡ್ರೋಮೀಟರಾ, ಬೆಳಕು ಬಾಗೋದನ್ನು ನೋಡಿ ಅಳೆಯುವ ರಿಫ್ರ್ಯಾಕ್ಟೋಮೀಟರಾ? ಆಲ್ಕೋಹಾಲ್ ಸೇರಿದ ಮೇಲೆ ರಿಫ್ರ್ಯಾಕ್ಟೋಮೀಟರ್ ಜಾಸ್ತಿ ತೋರಿಸುತ್ತೆ. ನಿಂತೇಹೋಯ್ತು ಅಂತ ಬರುವ ದೂರುಗಳಲ್ಲಿ ಎಷ್ಟೋ ಇದೇ ಆಗಿರುತ್ತೆ.

ಲೀಡ್ಸ್_ಕಿಟ್ಟಿ:
ಹೈಡ್ರೋಮೀಟರೇ ಮೇಷ್ಟ್ರೇ. ಗ್ಯಾಸ್ ಹೋಗಲಿ ಅಂತ ಸ್ಯಾಂಪಲನ್ನು ಲೋಟದಿಂದ ಲೋಟಕ್ಕೆ ಸುರಿದು, 20 ಡಿಗ್ರಿಯಲ್ಲಿ ನೋಡಿದ್ದು. ಅಲ್ಲಾಡಿಸಿಯೂ ನೋಡಿದೆ. ಒಂದು ಪಾಯಿಂಟೂ (0.001) ಕದಲಿಲ್ಲ.

ಮಾಲ್ಟ್‌ಮೇಷ್ಟ್ರು:
ಹಾಗಾದರೆ ಯೀಸ್ಟ್ ಸತ್ತೂ ಇಲ್ಲ, ಮಲಗಿಯೂ ಇಲ್ಲ. ಅದರ ಪಾಲಿನ ಊಟ ಮುಗಿದಿದೆ, ಅಷ್ಟೇ.

ವರ್ಟಿನಲ್ಲಿ, ಅಂದರೆ ಮಾಲ್ಟಿನ ಸಿಹಿ ರಸದಲ್ಲಿ, ಮಾಲ್ಟೋಸ್ ಅನ್ನುವ ಸಕ್ಕರೆ ಜಾಸ್ತಿ. ಅದರ ಜೊತೆ ಮಾಲ್ಟೋಟ್ರಯೋಸ್ ಅಂತ, ಮೂರು ಗ್ಲೂಕೋಸ್ ಸೇರಿ ಆದ ಸಕ್ಕರೆ ಇರುತ್ತೆ. ವಿಂಡ್ಸರಿಗೆ ಅದನ್ನು ತಿನ್ನೋಕೆ ಬರಲ್ಲ. ಡ್ರೈ ಯೀಸ್ಟಾಗಿ ಸಿಗುವ ಲಂಡನ್ ಇಎಸ್‌ಬಿಯದೂ ಇದೇ ಕಥೆ. ಮೇಲೆ ನೀವು 69 ಡಿಗ್ರಿಯಲ್ಲಿ ಮ್ಯಾಶ್ ಮಾಡಿದ್ದೀರಿ, ಕ್ರಿಸ್ಟಲ್ ಬೇರೆ ಇದೆ, ಎರಡರಿಂದಲೂ ಯೀಸ್ಟ್ ತಿನ್ನದ ಸಕ್ಕರೆ ಜಾಸ್ತಿ ಉಳಿಯುತ್ತೆ. ಲೆಕ್ಕ ಹಾಕಿ: 44ರಲ್ಲಿ 25 ಪಾಯಿಂಟ್ ಇಳಿದಿದೆ, ಅಂದರೆ ಶೇಕಡಾ 57. ಈ ಮ್ಯಾಶಿಗೆ, ಈ ಯೀಸ್ಟಿಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಹನುಮ ಅವರು ಹೇಳಿದ ಉಪಾಯ ತಪ್ಪಲ್ಲ, ಆದರೆ ಅದು ಬೇರೆ ರೋಗದ ಔಷಧಿ. ವೈಈಸ್ಟ್ 1968, ಡಬ್ಲ್ಯೂಎಲ್‌ಪಿ 002 ಯೀಸ್ಟುಗಳು ಇವೆಯಲ್ಲ, ಲಂಡನ್ನಿನ ಚಿಸಿಕ್‌ನ ಫುಲ್ಲರ್ಸ್ ಬಿಯರಿನ ರುಚಿ ಬೇಕು ಅನ್ನುವವರು ಹುಡುಕುವಂಥವು, ಅವು ಬೇಗ ಒಟ್ಟುಗೂಡಿ ತಳಕ್ಕೆ ಇಳಿಯುತ್ತವೆ. ಗಾಜಿನ ಜಾಡಿಯಲ್ಲಿ ನೋಡಿದರೆ ಒಡೆದ ಹಾಲಿನ ಹಾಗೆ ಗಡ್ಡೆಗಡ್ಡೆ. ತಿನ್ನುವ ಸಕ್ಕರೆ ಇನ್ನೂ ಇರುವಾಗಲೇ ಕೂತುಬಿಡುತ್ತವೆ. ಅಂಥವನ್ನು ಎಬ್ಬಿಸಬೇಕು, ಕೊನೆಯಲ್ಲಿ ಬೆಚ್ಚಗೆ ಇಡಬೇಕು. ವಿಂಡ್ಸರ್ ಇದಕ್ಕೆ ತದ್ವಿರುದ್ಧ: ತಳ ಸೇರೋಕೇ ಸತಾಯಿಸುತ್ತೆ. ಅದನ್ನು ಅಲ್ಲಾಡಿಸಿ ಏನೂ ಪ್ರಯೋಜನ ಇಲ್ಲ.

ಈಗ ನಿಮ್ಮ ಮುಂದೆ ಎರಡು ದಾರಿ. ಹಾಗೇ ಬಿಟ್ಟರೆ ಸುಮಾರು ಶೇಕಡಾ 3.3 ಆಲ್ಕೋಹಾಲಿನ ಬಿಯರು, ಬಾಯಿಗೆ ದಪ್ಪ, ಸ್ವಲ್ಪ ಸಿಹಿ. ಡಾರ್ಕ್ ಮೈಲ್ಡ್ (ಕಪ್ಪನೆಯ, ಕಹಿ ಕಡಿಮೆ ಇರುವ ಬಿಯರ್) ಆಗಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಬಿಟರಿಗೆ ಇಷ್ಟು ಸಿಹಿ ಬೇಡ ಅನಿಸಿದರೆ ಮಾಲ್ಟೋಟ್ರಯೋಸನ್ನೂ ತಿನ್ನುವ ಇನ್ನೊಂದು ಯೀಸ್ಟ್, ನಾಟಿಂಗ್‌ಹ್ಯಾಮ್ ಹಾಕಿ. ಮೊದಲು ಸ್ವಲ್ಪ ವರ್ಟಿನಲ್ಲಿ ನೊರೆ ಏಳುವ ತನಕ ಬಿಟ್ಟು, ಆಮೇಲೆ ಸೇರಿಸಿ. ಗಾಳಿ ಮಾತ್ರ ಊದಬೇಡಿ, ಈ ಹಂತದಲ್ಲಿ ಆಕ್ಸಿಜನ್ ಹೋದರೆ ಬಿಯರ್ ಕೆಡುತ್ತೆ.

ಲೀಡ್ಸ್_ಕಿಟ್ಟಿ:
ನಾಟಿಂಗ್‌ಹ್ಯಾಮ್ ಹಾಕಿದರೆ ಬಂದಿರೋ ಘಮ ಹೋಗಲ್ವಾ? ಅದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು.

ಮಾಲ್ಟ್‌ಮೇಷ್ಟ್ರು:
ಹೋಗಲ್ಲ. ಹಣ್ಣಿನ ಘಮ ಕೊಡುವ ಎಸ್ಟರುಗಳು ಹೆಚ್ಚಾಗಿ ಮೊದಲ ಮೂರು ನಾಲ್ಕು ದಿನದಲ್ಲೇ ಆಗಿಬಿಡುತ್ತವೆ. ಆಮೇಲೆ ಬಂದವನು ಉಳಿದ ಸಕ್ಕರೆ ತಿಂದು ಹೋಗುತ್ತಾನೆ. ಬೇಕು ಅಂತಲೇ ಈ ಜೋಡಿ ಹಾಕುವವರಿದ್ದಾರೆ: ಮೊದಲು ವಿಂಡ್ಸರ್, ಎರಡು ಮೂರು ದಿನ ಬಿಟ್ಟು ನಾಟಿಂಗ್‌ಹ್ಯಾಮ್. ಮುಂದಿನ ಸಲ ಮ್ಯಾಶ್ 65ಕ್ಕೆ ಇಳಿಸಿ, ಕ್ರಿಸ್ಟಲ್ ಅರ್ಧ ಮಾಡಿ.

ಆದರೆ ನೀವಿರೋದು ಲೀಡ್ಸ್‌ನಲ್ಲಿ, ಅಲ್ವಾ? ಪಕ್ಕದಲ್ಲೇ ಕೀತ್ಲಿ (Keighley) ಊರು. ವೈಈಸ್ಟ್ 1469 ಅಲ್ಲಿನ ಟಿಮಥಿ ಟೇಲರ್ ಬ್ರೂವರಿಯದೇ ತಳಿ ಅಂತ ಹೋಮ್‌ಬ್ರೂವರ್‌ಗಳೆಲ್ಲ ನಂಬಿದ್ದಾರೆ. ಪೀಚಿನಂಥ ಹಣ್ಣು, ಮಾಲ್ಟಿನ ಬಾದಾಮಿಯಂಥ ರುಚಿ, ಎರಡನ್ನೂ ಕೊಡುತ್ತೆ. ಬಿಟರಿಗೆ ನನ್ನ ಓಟು ಅದಕ್ಕೇ.

ಹಾಪ್_ಹನುಮ:
ರಿಂಗ್‌ವುಡ್ ಯೀಸ್ಟ್ ಹೇಗೆ ಮೇಷ್ಟ್ರೇ?

ಮಾಲ್ಟ್‌ಮೇಷ್ಟ್ರು:
ರುಚಿ ಇದೆ, ಕಿರಿಕಿರಿಯೂ ಇದೆ. ಆತುರ ಮಾಡಿದರೆ ಬೆಣ್ಣೆ ವಾಸನೆ ಬರುತ್ತೆ, ಡೈಅಸಿಟೈಲು. ಪರೀಕ್ಷೆ ಸುಲಭ. ಎರಡು ಮುಚ್ಚಳದ ಬಾಟಲಿಗೆ ಸ್ಯಾಂಪಲ್ ತೆಗೀರಿ. ಒಂದನ್ನು 60-70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ತಣ್ಣಗಾದ ಮೇಲೆ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಯೀಸ್ಟಿಗೆ ಇನ್ನೂ ಕೆಲಸ ಇದೆ, 21 ಡಿಗ್ರಿಯಲ್ಲಿ ಎರಡು ದಿನ ಬಿಡಿ.

ಲೀಡ್ಸ್_ಕಿಟ್ಟಿ:
ನಾಟಿಂಗ್‌ಹ್ಯಾಮ್ ಹಾಕಿದೆ, 1.013ಕ್ಕೆ ಬಂತು. ಘಮ ಹಾಗೇ ಇದೆ! ನಾಳೆ ಬಾಟಲಿಗೆ ತುಂಬಲಾ?

ಮಾಲ್ಟ್‌ಮೇಷ್ಟ್ರು:
ಬೇಡ. ಇನ್ನೂ ಇಳಿಯಬಹುದು. ಬಾಟಲಿಯೊಳಗೆ ಒಂದು ಪಾಯಿಂಟ್ ಇಳಿದರೆ ಸುಮಾರು ಅರ್ಧ ವಾಲ್ಯೂಮ್ (ಬಿಯರಿನ ಅರ್ಧ ಗಾತ್ರದಷ್ಟು) ಗ್ಯಾಸ್ ಜಾಸ್ತಿಯಾಗುತ್ತೆ, ನೀವು ಹಾಕುವ ಸಕ್ಕರೆಯ ಗ್ಯಾಸ್ ಬೇರೆ. ಮೂರು ಪಾಯಿಂಟ್ ಇಳಿದರೆ ಬಾಟಲಿ ಸಿಡಿಯಬಹುದು. ಮೂರು ದಿನ ಬಿಟ್ಟು ಮತ್ತೆ ನೋಡಿ, ಅಷ್ಟೇ ಇದ್ದರೆ ತುಂಬಿ.