ಅಪ್‌ಡೇಟ್: ದೀಪಾವಳಿ ರಜೆಗೆ ಮಗಳು ಪುಣೆಗೆ ಬಂದು ಹೋದಳು

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗಳು ಮೊದಲ ಸಲ ರಜೆಗೆ ಬರುವಾಗ ಅವಳ ದಿನಗಳನ್ನು ನಾವೇ ಗೊತ್ತುಮಾಡಬೇಕೋ, ಅವಳಿಗೇ ಬಿಡಬೇಕೋ ಎಂದು ಹಿಂದೆ ಕೇಳಿದ್ದೆ. ಅವಳಿಗೇ ಬಿಡಿ ಎಂದವರ ಮಾತನ್ನು ಹಿಡಿದೆವು.

2024ರ ಸೆಪ್ಟೆಂಬರಿನಲ್ಲಿ ಆರಂಭವಾದ, ವಾರಕ್ಕೆ ಮೂರು ದಿನ ಓಡುವ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲಿನಲ್ಲಿ ಬೆಳಗಾವಿ, ಮೀರಜ್, ಸಾತಾರಾ ದಾಟಿ ಬಂದವಳು ಮೊದಲು ಬರೀ ನಿದ್ದೆ ಮಾಡಿದಳು, ನಾವು ಎಬ್ಬಿಸಲಿಲ್ಲ. ಆಮೇಲೆ ತಾನಾಗಿಯೇ ಅಡುಗೆಮನೆಗೆ ಬಂದು, ಹಿಂಗಾರಿ ಜೋಳವು ಮಳೆ ನಿಂತ ಮೇಲೂ ಕಪ್ಪು ಮಣ್ಣಿನ ಆಳದಲ್ಲಿ ಉಳಿದ ತೇವವನ್ನೇ ನಂಬಿ ಹೇಗೆ ಬೆಳೆಯುತ್ತದೆ ಎಂಬುದನ್ನು, ನಾನು ರೊಟ್ಟಿ ಬಡಿಯುತ್ತಿರುವಾಗಲೇ, ಅಜ್ಜಿಗೆ ತಿಳಿಯುವಂತೆ ವಿವರಿಸಿದಳು. ನನಗಂತೂ ಅದೇ ಹಬ್ಬವೆನಿಸಿತು.

ನೆಂಟರ ಪೈಕಿ ಚಿಂಚವಡದ ಸೋದರತ್ತೆಯನ್ನಷ್ಟೇ, ಅದೂ ಅವಳ ಇಚ್ಛೆಯಂತೆ, ಕಂಡುಬಂದೆವು. ಕಾಯ್ದಿರಿಸುವಿಕೆ 60 ದಿನ ಮುಂಚೆಯೇ ತೆರೆಯುವುದರಿಂದ, ಮುಂದಿನ ರಜೆಯ ಟಿಕೆಟನ್ನು ತಾನೇ ತೆಗೆಸುವುದಾಗಿ ಹೇಳಿ ಹೋಗಿದ್ದಾಳೆ.